ಹಪ್ಪಳದ ಹಾಗೆ ಒಣಹಾಕಿದ ಜಾಲರಿ

ನನ್ನ ಮೊಮ್ಮಗಳು ಗೌರಿ ಡಾಕ್ಟರ್ ಆದಳು. ಇವತ್ತು ಬೆಳಿಗ್ಗೆ ಮೆಲ್ಬರ್ನ್‌ನಿಂದ ಅವಳೇ ಫೋನು ಮಾಡಿ ಹೇಳಿದಳು. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಯುದ್ಧದ ಟ್ಯಾಂಕಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಬರೆದು ಪಿಎಚ್‌ಡಿ ಪಡೆದ ಡಾಕ್ಟರ್. ಸಿಡ್ನಿಯ ರೌಸ್ ಹಿಲ್‌ನ ನಮ್ಮ ಬೀದಿಗೆ ಟಪಾಲು ಹಾಕಲು ಬಂದವನಿಗೂ ಸುದ್ದಿ ಮುಟ್ಟಿಸಿದೆ. ಅವನಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು; ಆದರೂ ಇಬ್ಬರೂ ಬಹಳ ಹೊತ್ತು ಕೈ ಕುಲುಕಿದೆವು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಈ ಬರಹದಲ್ಲಿ ತಪ್ಪು ಕಂಡರೆ ಸಂತೋಷದ ಅವಸರವೆಂದು ತಿಳಿಯಿರಿ.

ಸಂಜೆಯ ವಿಮಾನಕ್ಕೆ ಬರುತ್ತೇನೆ ಎಂದಿದ್ದಳು. ನಮ್ಮಾಕೆ ಆಗಲೇ ಕಡಲೆಬೇಳೆ ಬೇಯಲು ಇಟ್ಟು ಹೂರಣದ ತಯಾರಿಗೆ ನಿಂತಳು. ನಾನು ಅಡುಗೆಮನೆಯಲ್ಲಿ ಸುಮ್ಮನೆ ಅಡ್ಡಾಡಿ ಅವಳ ಕಾಲಿಗೆ ತೊಡರುತ್ತಿದ್ದೆ. ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರದಿಂದ ತಂತಿಯ ಜಾಲರಿ ಬಿಚ್ಚಿ ನನ್ನ ಕೈಗಿಟ್ಟಳು.

“ಇದನ್ನರ ತಿಕ್ಕಿ ಕೊಡ್ರಿ. ನಿಮಗ ಬರೂ ಕೆಲಸ ಅದು.”

ಬಿಸಿನೀರಿಗೆ ಜಾಲರಿ ಇಳಿಸಿದೆ. ಹಳೆಯ ಎಣ್ಣೆಯ ಜಿಡ್ಡು ಬಿಟ್ಟುಕೊಂಡು ಒಂದು ವಾಸನೆ ಎದ್ದಿತು ನೋಡಿ, ಸಿಡ್ನಿಯಲ್ಲಿದ್ದವನು ಒಂದೇ ಉಸಿರಿಗೆ ರಾಜಸ್ಥಾನದ ಉಸುಕಿನಲ್ಲಿ ನಿಂತಿದ್ದೆ.

ನಾನು ಮಿಲಿಟರಿಯಲ್ಲಿದ್ದವನು. ರಜೆಗೆ ಬಂದಾಗ ಧಾರವಾಡದ ಓಣಿಯ ಕಟ್ಟೆಯಲ್ಲಿ ಕೂತು, “ಟ್ಯಾಂಕ್ ಹೊಡೀತೀನಿ” ಎಂದು ಹೇಳಿಬಿಟ್ಟಿದ್ದೆ. ಒಮ್ಮೆ ಹೇಳಿದ ಮೇಲೆ ಮುಗಿಯಿತು. ಮಗ ಬಸು ಸಾಲಿಯಲ್ಲಿ ಹೇಳಿದ, ಬೀಗರು ಅವರ ಊರಲ್ಲಿ ಹೇಳಿದರು, ಇಲ್ಲಿಗೆ ಬಂದ ಮೇಲೆ ಪಾರ್ಕಿನಲ್ಲಿ ಕೂಡುವ ನಮ್ಮವರೆಲ್ಲ ‘ಟ್ಯಾಂಕ್ ಅಂಕಲ್’ ಎಂದು ಕರೆಯತೊಡಗಿದರು. ನಿಜವಾಗಿ ನಾನು ಟ್ಯಾಂಕನ್ನು ಒಂದು ಮಾರು ದೂರವೂ ಓಡಿಸಿದವನಲ್ಲ. ಅದರ ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ತಂತಿ ಜಾಲರಿಗಳನ್ನು ಡೀಸೆಲ್‌ನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ, ಬಸಿದು ತಿರುಗಿ ಕೂಡಿಸುವುದು ನನ್ನ ಕೆಲಸ. ಎಣ್ಣೆ ಏಕೆ ಅನ್ನುತ್ತೀರಾ? ಗಾಳಿಯಲ್ಲಿನ ಧೂಳು ಆ ಜಿಡ್ಡಿಗೆ ಅಂಟಿ ಅಲ್ಲೇ ನಿಲ್ಲಬೇಕು, ಇಂಜಿನ್ನಿನ ಹೊಟ್ಟೆಗೆ ಹೋಗಬಾರದು.

ಗೌರಿ ಆರಿಸಿಕೊಂಡದ್ದೂ ಟ್ಯಾಂಕೇ. ಆದರೆ ನಾನು ಕಂಡಂಥದ್ದಲ್ಲ. ಸುಮಾರು ಎಪ್ಪತ್ತು ವರ್ಷದ ಹಿಂದೆ ಒಂದೆರಡು ದೇಶದವರು ಭಾರೀ ಟ್ಯಾಂಕಿನೊಳಗೆ ವಿಮಾನದಲ್ಲಿರುವಂಥ ಇಂಜಿನ್ ಕೂಡಿಸಿ ನೋಡಿದರಂತೆ. ಗ್ಯಾಸ್ ಟರ್ಬೈನ್ ಎಂದು ಅದರ ಹೆಸರು. ಗಾತ್ರ ಚಿಕ್ಕದು, ಶಕ್ತಿ ರಾಕ್ಷಸನದು. ಒಂದೆರಡು ಮಾಡಿ, ಓಡಿಸಿ, ಕೈಬಿಟ್ಟರು. ಯಾಕೆ ಬಿಟ್ಟರು ಎನ್ನುವುದೇ ಗೌರಿಯ ಪುಸ್ತಕ.

ಹೋದ ವರ್ಷ ಆ ಪುಸ್ತಕ ತಿರುಗಿ ಬಂತು. ಆ ಇಂಜಿನ್ ಎಷ್ಟು ಎಣ್ಣೆ ಕುಡಿಯಿತು, ಎಷ್ಟು ಬಿಸಿಯಾಯಿತು ಎಲ್ಲ ಬರೆದಿದ್ದೀರಿ, ಧೂಳಿನ ನಡುವೆ ಅದನ್ನು ಸಾಕುವ ಮನುಷ್ಯ ಎಲ್ಲಿದ್ದಾನೆ ಎಂದು ಪರೀಕ್ಷೆ ಮಾಡಿದವರೊಬ್ಬರು ಕೇಳಿದ್ದರು. ತಿದ್ದಿ ಕೊಡಲು ಒಂದೇ ಅವಕಾಶ. ನಾಲ್ಕು ವರ್ಷದ ದುಡಿಮೆ ನೀರಿಗೆ ಹೋಗುವ ಹಾಗಿತ್ತು. ಹುಡುಗಿ ಅಳಲಿಲ್ಲ. ನನಗೆ ಫೋನು ಮಾಡಿದಳು.

“ಅಜ್ಜಾ, ನೀ ಟ್ಯಾಂಕ್ ಡ್ರೈವರ್. ನಂಗೆ ನಿನ್ನ ಇಂಟರ್‌ವ್ಯೂ ಬೇಕು. ಟಿಕೆಟ್ ಬುಕ್ ಮಾಡೀನಿ.”

ಹೀಗೆ ನಾನು ಒಬ್ಬನೇ ಮೆಲ್ಬರ್ನ್‌ಗೆ ಹೋದೆ. ಗೌರಿ ಅಲ್ಲಿನ ಕ್ಲೇಟನ್ ಬಡಾವಣೆಯಲ್ಲಿ, ಯೂನಿವರ್ಸಿಟಿ ಹತ್ತಿರ ಇಬ್ಬರು ಗೆಳತಿಯರ ಜೊತೆ ರೆಂಟಿನ ಮನೆಯಲ್ಲಿದ್ದಳು. ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿ ರೆಕಾರ್ಡ್ ಒತ್ತಿದಳು. ನಾನು ಶುರುಮಾಡಿದೆ. ಎರಡು ದಿವಸ ಟ್ಯಾಂಕ್ ಓಡಿಸಿದೆ ನೋಡಿ, ಕುರ್ಚಿಯಲ್ಲಿ ಕೂತು. ದಿಬ್ಬ ಹತ್ತಿಸಿದೆ, ಹಳ್ಳ ದಾಟಿಸಿದೆ. ಅವಳೋ ಒಂದು ಮಾತೂ ಬಿಡದೆ ಬರೆದುಕೊಂಡಳು. ನನ್ನ ಹೆಸರಿನ ಕೆಳಗೆ ಗೆರೆ ಎಳೆದದ್ದನ್ನು ಕಂಡೆ.

ಮೂರನೆಯ ದಿನ ಬೆಳಿಗ್ಗೆ ಯೋಚನೆ ಹತ್ತಿತು. ಕಟ್ಟೆಯ ಮೇಲಿನ ಸುಳ್ಳು ಕಟ್ಟೆಯ ಮೇಲಿದ್ದರೆ ಪರವಾಗಿಲ್ಲ. ಈ ಕೂಸಿನ ಪುಸ್ತಕದಲ್ಲಿ ಹೋಗಿ ಕೂತರೆ ಪುಸ್ತಕವೇ ಕೆಡುತ್ತದೆ. ಹೇಳಿಯೇ ತೀರಬೇಕು ಎಂದು ನಿಶ್ಚಯಿಸಿದೆ.

“ಗೌರೀ, ನಾ ಹೇಳಿದ್ದೆಲ್ಲಾ ಹೊಡದ್ಹಾಕು. ನಾ ಡ್ರೈವರ್ ಅಲ್ಲವಾ. ಜಾಲರಿ ತೊಳಿತಿದ್ದೆ.”

ಅವಳು ಪೆನ್ನು ಕೆಳಗಿಟ್ಟಳು. “ಸೀರಿಯಸ್ಲಿ, ಅಜ್ಜಾ?”

“ಅದನ್ನೂ ಒಮ್ಮೆ ಕೆಡಿಸಿಟ್ಟೆ.”

ಆ ಮೇಲೆ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ದೊಡ್ಡ ಸಾಹೇಬರ ಇನ್‌ಸ್ಪೆಕ್ಷನ್ ಇತ್ತು. ಎಣ್ಣೆಯಲ್ಲಿ ಅದ್ದಿದ ಜಾಲರಿಗಳನ್ನು ಶೆಡ್ಡಿನಲ್ಲಿ ತೂಗುಹಾಕಿ ಬಸಿಯಬೇಕು. ಬೇಗ ಆಗಲಿ ಎಂದು, ನಮ್ಮವ್ವ ಮಾಳಿಗೆಯ ಮೇಲೆ ಹಪ್ಪಳ ಹರಡುತ್ತಿದ್ದ ಹಾಗೆ, ಬಯಲಲ್ಲಿ ತಾಡಪತ್ರಿ ಹಾಸಿ ಬಿಸಿಲಿಗೆ ಸಾಲಾಗಿ ಹರಡಿದೆ. ಹಪ್ಪಳಕ್ಕೆ ಗಾಳಿ ಬೇಕು. ಎಣ್ಣೆ ಜಾಲರಿಗೆ ಅದೇ ವೈರಿ. ಕಣ್ಣಿಗೆ ಕಾಣದ ಸಣ್ಣ ಉಸುಕು ಬಂದು ಕೂತಿತು, ಧೂಳು ಹಿಡಿಯುವ ಕಡೆಗೂ ಕೂತಿತು, ಇಂಜಿನ್ ಉಸಿರೆಳೆಯುವ ಸ್ವಚ್ಛ ಕಡೆಗೂ ಕೂತಿತು. ಹಾಗೆಯೇ ಟ್ಯಾಂಕಿಗೆ ಕೂಡಿಸಿದೆ. ಮರುದಿನ ಅದು ದಿಬ್ಬದ ನಡುವೆ ಹೊಗೆ ಕಾರಿ ನಿಂತಿತು. ಸುಬೇದಾರರು ಡ್ರೈವರ್ ಚೌಧರಿಯನ್ನು ಎಲ್ಲರ ಎದುರಿಗೆ ನಿಲ್ಲಿಸಿ ಬೈದರು, ಗಾಡಿ ಓಡಿಸಲು ಬರುವುದಿಲ್ಲ ನಿನಗೆ ಎಂದು. ನಾನು ಐದು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಮೇಲಾಗಿ ಊರಿಗೆ ಬಂದು ಅವನ ಕುರ್ಚಿಯನ್ನೇ ನನ್ನದೆಂದು ಹೇಳಿಕೊಂಡೆ.

ಗೌರಿ ಪೆನ್ನು ತಿರುಗಿ ಕೈಗೆತ್ತಿಕೊಂಡಳು. ಬೈಯುತ್ತಾಳೆಂದು ಕಾದೆ.

“ಅಜ್ಜಾ, ನಿಮ್ಮ ಇಂಜಿನ್ ಉಸುಕು ತಿಂದ್ರೆ ಕೆಮ್ಮತೈತಿ. ಟರ್ಬೈನ್‌ಗೆ ಅದರ ನಾಲ್ಕು ಪಟ್ಟು ಗಾಳಿ ಬೇಕು. ಅದು ಉಸುಕು ತಿಂದ್ರೆ ಬ್ಲೇಡೇ ಸವೆದು ಹೋಗ್ತಾವೆ. ಫಿಲ್ಟರ್ ಕ್ಲೀನ್ ಮಾಡೋಕೆ ಎಷ್ಟು ನಿಮಿಷ ಅಂತ ಎಲ್ಲಾ ರಿಸರ್ಚ್ ಪೇಪರ್‌ನಲ್ಲೂ ಐತಿ. ಎಲ್ಲಿ ಒಣಗಿಸ್ಬೇಕು ಅಂತ ಒಂದ್ರಲ್ಲೂ ಇಲ್ಲ.”

ಅವತ್ತೇ ಅವಳ ಮನೆಯ ಒಲೆಯ ಮೇಲಿನ ಎರಡು ಜಾಲರಿ ಬಿಚ್ಚಿಸಿದಳು. ತೊಳೆದು, ಎಣ್ಣೆ ಹಚ್ಚಿ, ಹಿತ್ತಲಲ್ಲಿ ಒಂದನ್ನು ಮಲಗಿಸಿದೆವು, ಇನ್ನೊಂದನ್ನು ದಿಂಬಿನ ಚೀಲದಲ್ಲಿ ತೂಗುಹಾಕಿದೆವು. ಟೇಬಲ್ ಫ್ಯಾನ್ ಮುಂದೆ ಮಕ್ಕಳಾಟದ ಉಸುಕು ತೂರಿದೆವು. ಯಾವುದಕ್ಕೆ ಎಷ್ಟು ಉಸುಕು ಅಂಟಿತೆಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಂಡಳು. ಮತ್ತೆ ತೊಳೆ, ಮತ್ತೆ ತೂಗು. ನನ್ನ ಸೊಂಟ ಹಿಡಿಯಿತು.

“ಸಾಕ್ ಬಿಡವಾ ಇವತ್ತಿಗೆ.”

“ಇಲ್ಲ ಅಜ್ಜಾ, ಗುರುವಾರ ಮನೆ ಓನರ್ ಕಡೆಯವರ ಇನ್‌ಸ್ಪೆಕ್ಷನ್ ಐತಿ. ಅಷ್ಟರಲ್ಲಿ ಜಾಲರಿ ವಾಪಸ್ ಹಾಕ್ಬೇಕು.”

“ಇನ್‌ಸ್ಪೆಕ್ಷನ್ನಿನ ಅವಸರ ಮಾತ್ರ ಮಾಡಬ್ಯಾಡ ನನ್ನವ್ವಾ” ಅಂದೆ. ಇಬ್ಬರೂ ಹುಲ್ಲಿನ ಮೇಲೆ ಕೂತು ನಕ್ಕೆವು. ಆದರೆ ಬಿಡಲಿಲ್ಲ. ಬುಧವಾರ ಸಂಜೆಯವರೆಗೂ ತೂಗಿದೆವು. ಪುಸ್ತಕದಲ್ಲಿ ಅದೊಂದು ಹೊಸ ಅಧ್ಯಾಯವಾಯಿತು. ನಿನ್ನ ಹೆಸರು ಹೇಗೆ ಹಾಕಲಿ ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹಾಕು ಎಂದೆ. ಹೇಳಿಬಿಟ್ಟೆನೇ ಹೊರತು ರೌಸ್ ಹಿಲ್‌ಗೆ ಬಂದು ಮನೆಯವರಿಗೆ ತಿಳಿಸುವ ಧೈರ್ಯ ಇವತ್ತಿನವರೆಗೂ ಬಂದಿರಲಿಲ್ಲ.

ಇವತ್ತು ತೊಳೆದ ಜಾಲರಿಯನ್ನು ನಿಲ್ಲಿಸಿ ಒಣಗಿಸಿದೆ, ತಿರುಗಿ ಕೂಡಿಸಿದೆ. ಸಂಜೆ ಗೌರಿ ಬಂದಳು, ಕಾಲಿಗೆ ಬಿದ್ದಳು, ರಟ್ಟು ಕಟ್ಟಿದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಎಲ್ಲರೂ ತಾಟಿನ ಮುಂದೆ ಕೂತಿದ್ದೆವು. ಬಸು ಮೊದಲ ಪುಟ ತೆರೆದು ನಮಗೆ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತ ಹೋದ: “ಟ್ಯಾಂಕ್ ಓಡಿಸದೆ, ಅದರ ಜಾಲರಿ ತೊಳೆದ ನನ್ನ ಅಜ್ಜನಿಗೆ. ಅಜ್ಜನ ತಪ್ಪಿಗೆ ತಾವು ಬೈಸಿಕೊಂಡ ಚೌಧರಿಯವರಿಗೆ.”

ಅವನು ತಲೆ ಎತ್ತಿದ. “ಅಪ್ಪಾ, ನಾ ಸಾಲ್ಯಾಗ ಎಲ್ಲಾರಿಗೂ ಹೇಳಿದ್ನಲ್ಲೋ, ನಮ್ಮಪ್ಪ ಡ್ರೈವರ್ ಅಂತ.”

“ಸುಳ್ಳು ಹೇಳಿದ್ದೆಪಾ” ಅಂದೆ. ನೆಲ ನೋಡಲಿಲ್ಲ, ಅವನ ಮುಖ ನೋಡಿಯೇ ಹೇಳಿದೆ.

ಹಂಚಿನ ಮೇಲೆ ಹೋಳಿಗೆ ತಿರುವುತ್ತಿದ್ದ ನಮ್ಮಾಕೆ ಅತ್ತಲಿಂದಲೇ ಮಾತಾಡಿದಳು. “ರಜಾಕ್ಕ ಬಂದಾಗ ಅಂಗಿ ಒಗದಾಕಿ ನಾನು. ಟ್ಯಾಂಕ್ ಹೊಡಿಯಾವನ ತೋಳು ಮೊಣಕೈ ಮಟ ಡೀಸೆಲ್‌ನ್ಯಾಗ ಮುಳುಗಿರ್ತಾವೇನು?”

“ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?” ಎಂದು ಕೇಳಿದೆ.

“ನಿಮ್ಮ ಬಾಯಿಂದ ಬರಲಿ ಅಂತ. ಹೋಳಗಿ ಆರತಾವ, ತಿನ್ರಿ.”

ಬಿಸಿ ಹೋಳಿಗೆಯ ಮೇಲೆ ಸೊಸೆ ತುಪ್ಪ ಬಡಿಸಿದಳು. ಹಂಚಿನ ಹೊಗೆ ನಾನು ತೊಳೆದ ಜಾಲರಿಯೊಳಗೆ ನೆಟ್ಟಗೆ ಏರಿ ಹೋಗುತ್ತಿತ್ತು. ಬಸು ಪುಸ್ತಕ ಮುಚ್ಚಿ ಬದಿಗಿಟ್ಟು, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ.

“ಹೇಳಪಾ, ಮೊದಲಿಂದ ಹೇಳು.”

ಬಾಯಲ್ಲಿ ಹೋಳಿಗೆ ಇತ್ತು. ನುಂಗಿ, ಈ ಸಲ ಡೀಸೆಲ್ ಬಕೀಟಿನಿಂದ ಶುರುಮಾಡಿದೆ.