ಮೊದಲ ಗುಳಿಯ ಜೊಲ್ಲು

ದಂತ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಜೊಲ್ಲಣ್ಣ ಎಂದೇ ಕರೆಯುತ್ತಿದ್ದರು. ಹಲ್ಲು ಹುಳುಕಾದವರ ಜೊಲ್ಲನ್ನು ಜೆಲ್ ಹಾಳೆಯ ಗುಳಿಗಳಿಗೆ ತುಂಬಿ, ಕರೆಂಟು ಹರಿಸಿ, ಅದರಲ್ಲಿನ ಪ್ರೋಟೀನುಗಳು ನೀಲಿ ಗೆರೆಗಳಾಗಿ ಬೇರೆಬೇರೆ ಕಾಣುವಂತೆ ಮಾಡುವುದು ಅವನ ಕೆಲಸ. ಹೋಲಿಸಿ ನೋಡಲು ಮೊದಲ ಗುಳಿಗೆ ಆರೋಗ್ಯವಂತನೊಬ್ಬನ ಜೊಲ್ಲು ಬೇಕು. ಅದಕ್ಕೆ ಊರೆಲ್ಲ ಅಲೆಯುವುದೇಕೆ, ತನ್ನ ಬಾಯಿ ಇಲ್ಲವೇ? ಒಂದು ಹಲ್ಲೂ ಕೆಡದ ಬಾಯಿ! ವರ್ಷಗಟ್ಟಲೆ ತಾನೇ ಉಗಿದು, ತಾನೇ ತುಂಬಿ, ಮನುಷ್ಯಜಾತಿಗೆಲ್ಲ ತಾನೇ ಅಳತೆಗೋಲು ಎಂದು ಬೀಗಿದ.

ಆ ಬೀಗುವಿಕೆ ಲ್ಯಾಬಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮಗಳ ಹಲ್ಲು ಹುಳುಕಾದಾಗ ಅವಳ ಜೊಲ್ಲನ್ನೂ ಹೆಂಡತಿಯದನ್ನೂ ಪರೀಕ್ಷಿಸಿ ಬಂದು, ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟ. "ಇಬ್ಬರಲ್ಲೂ ಒಂದು ಗೆರೆ ಜಾಸ್ತಿ ಇದೆ. ರೋಗಿಗಳಲ್ಲೂ ಅದೇ, ಹುಳುಕಿನ ಗುರುತೇ ಅದು. ಎಲ್ಲ ನಿನ್ನ ತವರಿಂದ ಬಂದಿದ್ದು ಕಣೇ."

"ಹೂಂ, ಒಳ್ಳೇದೆಲ್ಲ ನಿಮ್ಮದು, ಕೆಟ್ಟಿದ್ದೆಲ್ಲ ನಮ್ಮಮ್ಮಂದು," ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಎದ್ದಳು.

"ಅದು ಹೋಗಲ್ವಾ ಅಪ್ಪಾ?" ಎಂದಳು ಮಗಳು.

"ಹುಟ್ಟಿನಿಂದ ಬಂದಿದ್ದು ಎಲ್ಲಿ ಹೋಗುತ್ತೆ?" ಎಂದ ಮಹಾಪಂಡಿತ. ಅಂದಿನಿಂದ ಅವಳು ತಮ್ಮನಿಗೆ ಮುತ್ತು ಕೊಡುವುದನ್ನೇ ಬಿಟ್ಟಳು. ಅವನಿಗೂ ಅಂಟೀತೆಂದು ಅವಳಿಗೆ ಭಯ. ಅಪ್ಪನಿಗೆ ಅದು ಶಿಸ್ತಾಗಿ ಕಂಡಿತು.

ಆಮೇಲೆ ಅವನಿಗೇ ಬಾಯಿಹುಣ್ಣಾಯಿತು. ಹುಣ್ಣಿನ ಬಾಯಿ ಅಳತೆಗೆ ಬಾರದೆಂದು ಮೊದಲ ಗುಳಿಗೆ ವಾಚ್‌ಮನ್ನನ ಜೊಲ್ಲು ತುಂಬಿದ. ಗಟ್ಟಿಮುಟ್ಟು ಹಲ್ಲಿನ ಆಸಾಮಿ. ಅವನಲ್ಲೂ ಆ ಗೆರೆ! ಕ್ಲರ್ಕಿನದನ್ನು ಹಾಕಿದ, ಡಾಕ್ಟರಮ್ಮನದನ್ನೂ ಬೇಡಿ ತಂದು ಹಾಕಿದ. ಎಲ್ಲರಲ್ಲೂ ಇತ್ತು. ಹುಣ್ಣು ವಾಸಿಯಾದ ಮೇಲೆ ತನ್ನದನ್ನು ಹಾಕಿದರೆ, ಅಲ್ಲಿ ಮಾತ್ರ ಆ ಗೆರೆಯ ಜಾಗ ಖಾಲಿ.

ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನಕ್ಕೇಬಿಟ್ಟರು. "ಅವರಿಗೆ ಜಾಸ್ತಿ ಅಲ್ಲ ಕಣ್ರೀ, ನಿಮಗೇ ಕಡಿಮೆ! ಆ ಪ್ರೋಟೀನ್ ಮಾಡೋ ಜೀನು ಅಪ್ಪನಿಂದಲೂ ಅಮ್ಮನಿಂದಲೂ ಕೆಲಸಕ್ಕೆ ಬಾರದ್ದೇ ಬಂದಿದೆ ನಿಮಗೆ. ಕಾಯಿಲೆಯೇನಲ್ಲ, ಕೆಲವರು ಹಾಗಿರ್ತಾರೆ. ಆದರೆ ಈ ಗೆರೆ ಹುಳುಕಿನ ಗುರುತು ಅಂತ ನಾವು ವರದಿಯಲ್ಲಿ ಬರೆದಿದ್ದೆಲ್ಲ ಹೊಡೆದುಹಾಕ್ಬೇಕು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮೋಟು ಕೋಲು ಹಿಡಿದು ಊರನ್ನೆಲ್ಲ ಅಳೆದ ಭೂಪ ನಾನು, ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಮನೆಗೆ ಬಂದ.

"ಅಂತೂ ಆ ಬಾಯಲ್ಲೂ ಏನೋ ಒಂದು ಕಡಿಮೆ ಇದೆ ಅನ್ನಿ!" ಎಂದು ವಿಷಯ ಕೇಳಿದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಗಳು ನಗಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು, "ನಿಂಗೇನೂ ಆಗಿಲ್ಲ ಮಗಳೇ. ಎಲ್ಲರಲ್ಲೂ ಇರೋದು ನನ್ನಲ್ಲೇ ಇಲ್ಲ," ಎಂದ.

ಅವಳು ಅವನ ಕೆನ್ನೆ ಸವರಿ, "ಪಾಪ, ನಿಂಗೆ ನೋವಾಗುತ್ತಾ ಅಪ್ಪಾ?" ಎಂದಳು.

ಹುಳುಕು ಹಲ್ಲಿನ ಆ ಮಗುವನ್ನು ತಾನು ಒಂದು ಸಲವೂ ಹಾಗೆ ಕೇಳಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು.