ಕ್ಷಮೆ ಕೇಳದ ಹನ್ನೊಂದು ತಿಂಗಳು

ನನ್ನ ಗಂಡ ತೀರಿಕೊಂಡ ಹತ್ತನೆಯ ದಿನ, ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಮೈದುನ ಒಂದು ಮಾತು ಹೇಳಿದ. ನಾವು ಗಂಡ ಹೆಂಡತಿ ಬೆನ್ನಿಗೆ ಚೀಲ ಹಾಕಿಕೊಂಡು ನೇಪಾಳ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ಸುತ್ತಿದ ಹನ್ನೊಂದು ತಿಂಗಳು ಪಾಪದ ಕೆಲಸವಾಗಿತ್ತಂತೆ. ಅದಕ್ಕೆ ನಾನು ಕೈಯಲ್ಲಿ ನೀರು ಹಿಡಿದು, ತಪ್ಪಾಯಿತು ಎಂದು ಹೇಳಿ ಬಿಡಬೇಕಂತೆ. ಇಲ್ಲದಿದ್ದರೆ ಅವನು ಅಣ್ಣನ ಹನ್ನೆರಡನೆಯ ದಿನದ ಕರ್ಮಕ್ಕೆ ಕೂಡುವುದಿಲ್ಲವಂತೆ. ನಮಗೆ ಮಕ್ಕಳಿಲ್ಲ. ಕೂಡಬೇಕಾದವನು ಅವನೇ.

ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅಂದು ಯಾರೂ ಕೇಳಲಿಲ್ಲ. ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಓದಿದ್ದು ಹತ್ತನೇ ಇಯತ್ತೆ. ಆದರೆ ಬರೆಯಲು ಬರುತ್ತದೆ.

ನನ್ನ ಗಂಡ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ಲಗ್ನಪತ್ರಿಕೆ, ಪಂಚಾಂಗ, ಪ್ರಶ್ನೆಪತ್ರಿಕೆ, ಬಂದದ್ದೆಲ್ಲ ಜೋಡಿಸುತ್ತಿದ್ದರು. ಸಾಲೆಯ ಮಕ್ಕಳ ಒಂದು ಭೂಗೋಳದ ಪುಸ್ತಕ ವರ್ಷಕ್ಕೊಮ್ಮೆ ಬರುತ್ತಿತ್ತು. ಅದರ ಕೊನೆಯ ಪುಟಗಳಲ್ಲಿ ಏಷ್ಯಾದ ನದಿಗಳ, ಊರುಗಳ ಪಟ್ಟಿ. ಮೊಳೆಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ.

"ಮೆಕಾಂಗ್ ನದೀನ್ನ ಎಷ್ಟು ಸಲ ಜೋಡಿಸೀನಿ ಗೊತ್ತೇನು? ಬರೇ ಉಲ್ಟಾನ ನೋಡೀನಿ. ಒಮ್ಮೆ ಸುಲ್ಟಾ ನೋಡಬೇಕು," ಎಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು.

"ಮೊದಲ ಕೈ ತೊಳಕೋರಿ, ಸೀಸ ಹತ್ಯದ," ಎಂದು ನಾನು ಹೇಳುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಕಂಪ್ಯೂಟರ್ ಬಂತು, ಮೊಳೆಗಳು ಹೋದವು, ಅವರೂ ಮನೆಗೆ ಬಂದರು. ವಯಸ್ಸು ಐವತ್ತು ದಾಟಿತ್ತು. ನಾನು ವಿದ್ಯಾನಗರದ ಹೆಂಗಸರ ಸೀರೆಗೆ ಫಾಲ್ ಹಚ್ಚುತ್ತಿದ್ದೆ, ಬ್ಲೌಸ್ ಹೊಲಿಯುತ್ತಿದ್ದೆ. ಒಂದು ದಿನ ಅವರು ಹುಬ್ಬಳ್ಳಿ ಸ್ಟೇಷನ್ನಿಗೆ ಯಾರನ್ನೋ ಕಳಿಸಲು ಹೋದವರು ಹಿಗ್ಗಿ ಬಂದರು. ಹೊಸಪೇಟೆಯ ಗಾಡಿಗೆ ಕಾಯುತ್ತ ಇಬ್ಬರು ವಿದೇಶಿಯರು ತಮ್ಮ ಚೀಲಗಳ ಮೇಲೆ ಕುಳಿತಿದ್ದರಂತೆ. ಊರು ಬಿಟ್ಟು ಒಂದು ವರ್ಷವಾಗಿತ್ತಂತೆ.

"ಸಾವಕಾರ ಇರಬೇಕು," ಎಂದೆ.

"ಎಲ್ಲೀ ಸಾವಕಾರ? ಕೇಳಿದೆ. ಅಂವ ಬಡಿಗ ಅಂತ, ಆಕಿ ದವಾಖಾನಿ ನರ್ಸ. ಬಡಿಗ ವರ್ಷಾನಗಟ್ಟಲೆ ತಿರಗತಾನಂದ್ರ ಕಂಪೋಸಿಟರ್ ಯಾಕ ತಿರಗಬಾರದು?"

ಕೆಲಸ ಬಿಟ್ಟಾಗ ಮುದ್ರಣಾಲಯದವರು ಕೊಟ್ಟ ದುಡ್ಡಿತ್ತು, ನಾನು ನನ್ನ ಹೊಲಿಗೆಯ ದುಡ್ಡನ್ನೂ ತಂದು ಅದರ ಪಕ್ಕ ಇಟ್ಟೆ.

ಚೀಲ ಬೇಕಿತ್ತು. ಅಂಥ ಚೀಲ ಆಗ ನಮ್ಮ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಜೀಪಿನ ಹುಡ್ ಹೊಲಿಯುವವನ ಹತ್ತಿರ ಹೋದೆವು. ಇವರು ಕಾಗದದ ಮೇಲೆ ಅಳತೆ ಬರೆದು ಕೊಟ್ಟರು. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಯಾವ ಜೀಪಿಂದರೀ ಇದು?"

"ನನ್ನ ಬೆನ್ನಿಂದಪಾ."

"ಹಂಗಾದ್ರ ಸ್ಟೆಪ್ನಿ ಇಡಾಕ ಜಾಗಾ ಬ್ಯಾಡೇನು?" ಎಂದು ಅವನು ನನ್ನ ಕಡೆ ನೋಡಿದ. ಒಂದರ ಬದಲು ಎರಡು ಹೊಲಿದು ಕೊಟ್ಟ.

ಧಾರವಾಡದ ಹಿರಿಯರ ಮನೆಯಲ್ಲಿ ಮೈದುನನ ಜೊತೆ ಅತ್ತೆ ಇದ್ದರು. ಮಡಿ, ಮೈಲಿಗೆ ನೋಡುವ ಮನೆ. ಹೋಗಬೇಡಿ ಎಂದು ಅತ್ತೆ ಹೇಳಲಿಲ್ಲ. ಒಂದೇ ಕರಾರು ಹಾಕಿದರು: ಪರರ ಕೈಯ ಅನ್ನ ಉಣ್ಣಬಾರದು. ನೇಪಾಳದಲ್ಲಿ ಸ್ಟೋವ್ ಇಟ್ಟು ಬೇಯಿಸಿಕೊಳ್ಳಬಹುದು. ಮುಂದೆ ವಿಮಾನದಲ್ಲಿ ಸ್ಟೋವ್ ಬಿಡುವುದಿಲ್ಲ. ಅದಕ್ಕೆ ಕಡಕ್ ರೊಟ್ಟಿ. ಅತ್ತೆ ತಾವೇ ಮಡಿಯಲ್ಲಿ ಕುಳಿತು ಮೂರು ವಾರ ಜೋಳದ ರೊಟ್ಟಿ ಬಡಿದರು. ನಮ್ಮ ಕಡೆ ಕಡಕ್ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಇಟ್ಟರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಧಾರವಾಡದಲ್ಲಿ ಕೆಡದ್ದು ಎಲ್ಲಿಯೂ ಕೆಡುವುದಿಲ್ಲ ಎಂದು ನಾವು ಮೂವರೂ ನಂಬಿದ್ದೆವು. ನನ್ನ ಚೀಲದಲ್ಲಿ ಎರಡು ಸೀರೆ, ಸೂಜಿ ದಾರದ ಡಬ್ಬಿ, ಶೇಂಗಾ ಚಟ್ನಿ, ಉಳಿದದ್ದೆಲ್ಲ ರೊಟ್ಟಿ.

ಗೋರಖಪುರದ ತನಕ ರೈಲು, ಆಮೇಲೆ ಬಸ್ಸು. ನೇಪಾಳದಲ್ಲಿ ಎರಡೂವರೆ ತಿಂಗಳು ನಡೆದೆವು. ನಡೆಯುವುದು ನನಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಇವರಿಗಿಂತ ಮುಂದೆ ಹತ್ತಿ, ಮೇಲೆ ನಿಂತು ಕಾಯುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಅವರಿಗಾಗಿ ಕಾದದ್ದು ಅಡುಗೆ ಮನೆಯಲ್ಲಿ ಮಾತ್ರ. ಬೆಟ್ಟದ ಮೇಲೆ ಕಾಯುವುದು ಬೇರೆ.

ಕಾಠ್ಮಂಡುವಿನಿಂದ ಬ್ಯಾಂಕಾಕಿಗೆ ವಿಮಾನ ಹತ್ತಿದೆವು. ಅಲ್ಲಿನ ಅಗ್ಗದ ವಸತಿಗಳ ತುಂಬ ಬಿಳಿಯ ಹುಡುಗ ಹುಡುಗಿಯರು. ಒಬ್ಬಳ ಚೀಲದ ಪಟ್ಟಿ ಹರಿದಿತ್ತು. ನಾನು ಸೂಜಿ ತೆಗೆದು ಹೊಲಿದು ಕೊಟ್ಟೆ. ಮರುದಿನ ಬಾಗಿಲ ಮುಂದೆ ಐದು ಚೀಲ ಬಂದಿದ್ದವು. ಮಾತು ತಿಳಿಯುತ್ತಿರಲಿಲ್ಲ. ಹೊಲಿದೆ. ಅವರು ಪಪ್ಪಾಯಿ, ಬಾಳೆಹಣ್ಣು ತಂದಿಟ್ಟರು. ಇವರು ವಸತಿಯ ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ, ಅದೂ ಮೊಳೆಯಲ್ಲಿದ್ದ ಹಾಗೆ ತಿರುಗಿಸಿ ಬರೆದರು. ಮೇಜಿನ ಹಿಂದೆ ಕುಳಿತವನು ಪುಸ್ತಕವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ ಕೈ ಮುಗಿದ. ಬೀದಿಗೆ ಬಂದ ಮೇಲೂ ಇವರ ನಗು ನಿಲ್ಲಲಿಲ್ಲ.

ಆಮೇಲೆ ಮೆಕಾಂಗ್. ಉದ್ದನೆಯ ಕಟ್ಟಿಗೆಯ ದೋಣಿಯಲ್ಲಿ ಎರಡು ದಿನ. ಮಳೆ. ಇವರು ನೀರನ್ನು ನೋಡುತ್ತ ಕುಳಿತಿದ್ದರು. ನದಿ ಕೆಸರಿನ ಬಣ್ಣದ್ದು, ಅಂಥ ಚೆಂದವೇನೂ ಇರಲಿಲ್ಲ. "ಹೆಂಗದ ರೀ, ಸುಲ್ಟಾ?" ಎಂದು ಕೇಳಿದೆ. "ಇಷ್ಟು ಅಗಲ ಇರ್ತದಂತ ಗೊತ್ತಿರಲಿಲ್ಲ. ಪುಸ್ತಕದಾಗ ಮೂರು ಅಕ್ಷರಾ, ಮ್ಯಾಲ ಒಂದು ಸೊನ್ನಿ, ಅಷ್ಟ ಇತ್ತು," ಎಂದರು.

ಲಾವೋಸಿನ ಲುವಾಂಗ್ ಪ್ರಬಾಂಗ್ ಊರಿನ ಒಂದು ಮನೆಯಲ್ಲಿ ಖೋಲಿ ಹಿಡಿದು ಅಂಗಳದಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಮೇಲಿನಿಂದ ಕೆಳಗಿನವರೆಗೆ ಹಸಿರು ಬೂಷ್ಟು. ರೊಟ್ಟಿ ತೊಗಲಿನಂತೆ ಮೆತ್ತಗಾಗಿತ್ತು. ಇವರು ಒಂದೊಂದನ್ನೇ ತೆಗೆದು ಒರೆಸತೊಡಗಿದರು. ಅವ್ವ ಬಡಿದ ರೊಟ್ಟಿ. ಬಿಸಾಡಲು ಕೈ ಬರುತ್ತಿರಲಿಲ್ಲ. ಮನೆಯೊಡತಿ ಬಂದು ನೋಡಿದಳು. ನನ್ನ ವಯಸ್ಸಿನವಳು. ಒಂದು ರೊಟ್ಟಿ ಎತ್ತಿ, ಮೂಸಿ, ಮುಖ ಸೊಟ್ಟ ಮಾಡಿ, ಬಾಗಿಲ ಬಳಿ ಬಿದಿರಿನ ತಟ್ಟೆಯಲ್ಲಿ ಬಿಸಿಲಿಗಿಟ್ಟ ತನ್ನ ಅಕ್ಕಿಯ ಹಪ್ಪಳಗಳನ್ನು ತೋರಿಸಿದಳು. ದಿನಾ ಬಿಸಿಲಿಗೆ ಇಡಬೇಕಿತ್ತು ಎಂದಿರಬೇಕು. ಆಮೇಲೆ ಒಳಗೆ ಹೋಗಿ ಸಣ್ಣ ಬುಟ್ಟಿಯಲ್ಲಿ ಅಂಟಂಟಾದ ಬಿಸಿ ಅನ್ನ ತಂದಳು. ಮೀನಿನ ಬಟ್ಟಲನ್ನೂ ತಂದಿದ್ದಳು. ನಾನು ಬೇಡವೆಂದು ಕೈಯಾಡಿಸಿದ ಮೇಲೆ ಅದನ್ನು ಒಯ್ದು ಸೌತೆಕಾಯಿ, ಉಪ್ಪು, ಸುಟ್ಟ ಮೆಣಸಿನಕಾಯಿ ಇಟ್ಟಳು.

ಇವರು ಮುಟ್ಟಲಿಲ್ಲ. ಎರಡು ದಿನ ಬಾಳೆಹಣ್ಣಿನ ಮೇಲಿದ್ದರು. ನಾನು ಮೊದಲ ದಿನವೇ ಉಂಡೆ. ಅಡುಗೆಮನೆಯ ಮೆಟ್ಟಿಲ ಮೇಲೆ ಆಕೆಯ ಪಕ್ಕದಲ್ಲಿ ಕುಳಿತು, ನಮ್ಮ ಶೇಂಗಾ ಚಟ್ನಿ ಆಕೆಗೂ ಹಾಕಿ ಉಂಡೆ. ಆಕೆ ಖಾರಕ್ಕೆ ಕೆಮ್ಮಿ ನನ್ನ ಬೆನ್ನಿಗೆ ಒಂದು ಗುದ್ದಿದಳು.

"ನೀ ಉಂಡೀಯೇನು?" ಇವರು ಕೇಳಿದರು.

"ಉಂಡೆ."

"ಹೆಂಗಿತ್ತು?"

"ಅನ್ನ ಇದ್ದಂಗ ಇತ್ತು."

ಮೂರನೆಯ ದಿನ ಅವರೂ ಉಂಡರು. ಅಂದೇ ತಾಯಿಗೆ ಪತ್ರ ಬರೆದರು. ಏನು ಬರೆದರೆಂದು ನಾನು ಕೇಳಲಿಲ್ಲ.

ಆಮೇಲೆ ನಾವು ಉಂಡ ಊರುಗಳ ಹೆಸರು ಹೇಳುತ್ತ ಕೂಡಬಹುದು. ವಿಯೆಟ್ನಾಮಿನ ಬಸ್ಸಿನಲ್ಲಿ ಕಾಲಡಿಯಲ್ಲಿ ಕೋಳಿಗಳಿದ್ದವು, ನನ್ನ ಸೀರೆಯ ಅಂಚನ್ನು ಮುದುಕಿಯರು ಮುಟ್ಟಿ ಮುಟ್ಟಿ ನೋಡಿದರು. ಕಾಂಬೋಡಿಯಾದಲ್ಲಿ ನನಗೆ ಜ್ವರ ಬಂದಾಗ ಮನೆಯೊಡೆಯನೇ ಗಂಜಿ ಮಾಡಿ ತಂದ. ಯಾರೂ ನಮ್ಮ ಕುಲ ಕೇಳಲಿಲ್ಲ. ಹಸಿವೆಯೇ ಎಂದು ಕೇಳಿದರು, ಅದೂ ಕೈಸನ್ನೆಯಿಂದ.

ಮರಳಿ ಬಂದಾಗ ಅತ್ತೆ ನಮಗೆ ತಲೆಗೆ ನೀರು ಹಾಕಿಸಿ, ಎಲೆ ಹಾಕಿ ಬಡಿಸಿದರು. "ರೊಟ್ಟಿ ಸಾಕಾದ್ವೇನು?" ಎಂದು ನನ್ನನ್ನು ಕೇಳಿದರು. "ಸಾಕಾದ್ವುರೀ," ಎಂದೆ. ಅವರು ಇನ್ನೊಂದು ಸೌಟು ಅನ್ನ ಹಾಕಿದರು. ಎರಡು ವರ್ಷಕ್ಕೆ ಅವರು ಹೋದರು. ಅದಾದ ನಾಲ್ಕು ವರ್ಷಕ್ಕೆ ಇವರು. ಉಣಕಲ್ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಳಿತರಂತೆ. ನಾನು ಹೋಗುವಷ್ಟರಲ್ಲಿ ಯಾರೋ ಮುಖದ ಮೇಲೆ ಟವೆಲ್ ಹಾಕಿದ್ದರು.

ಹತ್ತನೆಯ ದಿನ ಮೈದುನ ಆ ಪತ್ರವನ್ನೇ ಹೊರಗೆ ತೆಗೆದ. ಅತ್ತೆಯ ಟ್ರಂಕಿನಲ್ಲಿ ಸಿಕ್ಕಿತ್ತಂತೆ.

"ವೈನಿ, ಅಣ್ಣ ತಾನ ಬರದಾನ. ಓದ್ರಿ."

ಓದಿದೆ. 'ರೊಟ್ಟಿ ಕೆಟ್ಟವು. ಅವ್ವಾ, ಮೊದಲು ನಾನು ಉಂಡೆ. ಇವಳು ಒಲ್ಲೆ ಎಂದಳು, ನಾನೇ ಒತ್ತಾಯ ಮಾಡಿ ಉಣಿಸಿದೆ. ಸಿಟ್ಟು ನನ್ನ ಮೇಲೆ ಇರಲಿ.'

ಹತ್ತು ದಿನ ನಾನು ಜನರ ಮುಂದೆ ಅತ್ತಿರಲಿಲ್ಲ. ಆಗ ಅತ್ತುಬಿಟ್ಟೆ. ಮೈದುನ ಅದನ್ನು ಪಶ್ಚಾತ್ತಾಪ ಎಂದು ತಿಳಿದ.

"ಅಳಬ್ಯಾಡ್ರಿ. ಸಮುದ್ರಾ ದಾಟಿದ್ದು, ಪರಾನ್ನ ಉಂಡದ್ದು, ಎರಡಕ್ಕೂ ಪ್ರಾಯಶ್ಚಿತ್ತ ಅದ. ನೀವು ತಪ್ಪಾತು ಅಂತ ನೀರು ಬಿಟ್ರ ಮುಗೀತು. ಇಲ್ಲಾಂದ್ರ ಅಂವಗ ಗತಿ ಇಲ್ಲ. ಅದಕ್ಕ ನಡುದಾರಿಯೊಳಗ ಹಂಗ ಹೋದ."

"ಇದು ಸುಳ್ಳು," ಎಂದೆ.

"ಏನು ಸುಳ್ಳು? ಅಣ್ಣನ ಅಕ್ಷರಾ."

"ಅಕ್ಷರಾ ಅವರದು. ಮೊದಲ ಉಂಡಾಕಿ ನಾನು. ಅವರು ಎರಡು ದಿನಾ ಉಪವಾಸ ಇದ್ರು."

ಮೈದುನ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದ.

"ಹಂಗಾದ್ರ ನಿಮಗೂ ಪ್ರಾಯಶ್ಚಿತ್ತ ಆಗಬೇಕು."

"ನನಗೂ ಬ್ಯಾಡ, ಅವರಿಗೂ ಬ್ಯಾಡ. ಹಸದವರಿಗೆ ಒಬ್ಬಾಕಿ ಅನ್ನಾ ಹಾಕಿದ್ಲು. ಅದನ್ನ ತಪ್ಪು ಅಂತ ನಾ ಹೆಂಗ ಅನ್ನಲಿ?"

"ಹಂಗಾರ ನೀವ ಕೂಡ್ರಿ ಕರ್ಮಕ್ಕ!" ಎಂದು ಎದ್ದು ಚಪ್ಪಲಿ ಮೆಟ್ಟಿ ಧಾರವಾಡದ ಬಸ್ಸಿಗೆ ಹೋದ.

ಮರುದಿನ ಕರ್ಮ ಮಾಡಿಸುವ ಆಚಾರ್ಯರು ಬಂದರು. ನಾನು ನಡೆದದ್ದನ್ನು ಹೇಳಿ, "ನಾನ ಕೂಡತೀನ್ರಿ," ಎಂದೆ.

"ಹೆಣಮಕ್ಕಳು ತಾವ ಮಾಡೂದಿಲ್ಲವ್ವಾ." ಕೈಯಲ್ಲಿದ್ದ ಪಂಚಾಂಗ ಮಡಚಿಟ್ಟು, "ಆದ್ರ ನೀವು ನನ್ನ ಕೈಯಾಗ ದರ್ಭಿ ಕೊಟ್ರ, ನಿಮ್ಮ ಪರವಾಗಿ ನಾ ಮಾಡಬಹುದು. ಹಂಗ ಒಂದು ರೂಢಿ ಅದ," ಎಂದರು.

"ತಪ್ಪಾತು ಅನ್ನೂ ಮಾತು ಅದರಾಗ ಬರಬಾರದ್ರಿ."

"ನೀವು ಬ್ಯಾಡಂದಿದ್ದನ್ನ ನಿಮ್ಮ ಪರವಾಗಿ ನಾ ಹೆಂಗ ಅನ್ಲಿ?" ಎಂದು ಅವರು ಹೆಗಲ ಮೇಲಿನ ಪಂಚೆ ಸರಿ ಮಾಡಿಕೊಂಡರು. "ಒಂದು ಕೇಳತೀನಿ. ವಿಯೆಟ್ನಾಂ ತನಕಾ ಖರೇನ ಬಸ್ಸಿನ್ಯಾಗ ಹೋದ್ರೇನು?"

ಹನ್ನೆರಡನೆಯ ದಿನ ನಾನು ಅವರ ಕೈಯಲ್ಲಿ ದರ್ಭೆ ಕೊಟ್ಟೆ. ಊಟಕ್ಕೆ ಹಾಕಿದ ಎಲೆಗಳಲ್ಲಿ ಅರ್ಧ ಖಾಲಿ ಉಳಿದವು. ಧಾರವಾಡದವರು ಯಾರೂ ಬರಲಿಲ್ಲ. ಬಾರದಿದ್ದರೆ ಬಾರದಿರಲಿ ಎಂದುಕೊಂಡೆನಾದರೂ, ಬಾಗಿಲ ಕಡೆ ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮುಂದಿನ ತಿಂಗಳು ಗೊತ್ತಾಯಿತು. ಮೈದುನ ಹಿರಿಯರ ಮನೆಯಲ್ಲಿ ಇನ್ನೊಮ್ಮೆ ಕರ್ಮ ಮಾಡಿಸಿ, ಪ್ರಾಯಶ್ಚಿತ್ತವನ್ನೂ ಮಾಡಿಸಿದ್ದ. ನನ್ನ ಗಂಡನ ಪರವಾಗಿ ಅವನೇ ಕ್ಷಮೆ ಕೇಳಿದ್ದ. ಅದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಬಾಯಿಲ್ಲದವರ ಬಾಯಲ್ಲಿ ಯಾರು ಏನು ಬೇಕಾದರೂ ಇಡಬಹುದು. ನನಗೆ ಇನ್ನೂ ಬಾಯಿ ಇತ್ತು, ಕಾಲೂ ಇದ್ದವು.

ಇವರು ಹೋದ ಒಂಬತ್ತನೆಯ ತಿಂಗಳಲ್ಲಿ ನನ್ನ ಹೊಸ ಪಾಸ್‌ಪೋರ್ಟ್ ಬಂತು. ಸತ್ತವರ ಮನೆಯವರು ವರ್ಷದೊಳಗೆ ದೂರದ ಪ್ರಯಾಣ ಮಾಡಬಾರದು ಎನ್ನುತ್ತಾರೆ. ನಾನು ಬರ್ಮಾಕ್ಕೆ ಟಿಕೆಟ್ ತೆಗೆಸಿದೆ. ಆ ದೇಶ ಆಗ ನಾವಿಬ್ಬರೂ ನೋಡದೆ ಉಳಿದುಬಿಟ್ಟಿತ್ತು. ಕದ್ದು ಹೋದಂತೆ ಆಗಬಾರದೆಂದು ಮೈದುನನಿಗೆ ಫೋನ್ ಮಾಡಿದೆ.

"ನಾಳೆ ಹೊಂಟೇನಿ. ಎರಡು ತಿಂಗಳು."

"ಒಬ್ಬಾಕೀನ?"

"ಒಬ್ಬಾಕೀನ."

"ಅಲ್ಲಿ ಏನರ ಆದ್ರ? ನಿಮ್ಮ ಪ್ರಾಯಶ್ಚಿತ್ತ ಯಾರು ಮಾಡಸ್ತಾರ?"

"ಯಾರೂ ಮಾಡಸಬಾರದು. ನನ್ನ ಹೆಸರೀಲೆ ಯಾರೂ ತಪ್ಪಾತು ಅನ್ನಬಾರದಂತ ಬರದು, ಸಹಿ ಮಾಡಿ, ಆಚಾರ್ರ ಕಡೆ ಕೊಟ್ಟೀನಿ. ನಿನಗೂ ಒಂದು ಪ್ರತಿ ಟಪಾಲಿಗೆ ಹಾಕೀನಿ."

ಆ ಕಡೆ ಅವನು ಯಾರಿಗೋ ಬಾಗಿಲು ಹಾಕಲು ಹೇಳಿದ್ದು ಕೇಳಿಸಿತು.

"ಅಲ್ಲೆ ಏನು ಉಣತೀರಿ?" ಎಂದು ಕೇಳಿದ.

"ಯಾರು ಏನು ಹಾಕತಾರ, ಅದನ್ನ," ಎಂದೆ.