ಚಿಕ್ಕಪ್ಪನ ವಿಮಾನ, ಅಟ್ಟದ ಕಾಯಿ

ಈಗಲೂ ತೆಂಗಿನಕಾಯಿ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ನೀರು ಇಂಗಿ ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಸಾಕು, ಹಾಲ್ಕುರಿಕೆಯ ನಮ್ಮ ಹಳೇ ಮನೆ ಕಣ್ಣೆದುರು ನಿಲ್ಲುತ್ತದೆ. ಕಾಯಿ ತುಂಬಿದ ಅಟ್ಟದಿಂದ ನಡುಮನೆಗೆ ವರ್ಷವಿಡೀ ಇಳಿಯುತ್ತಿದ್ದ ಆ ಘಮವನ್ನು, ಅಂಥ ಅಟ್ಟದ ಕೆಳಗೆ ಬೆಳೆದವರಿಗೆ ನಾನೇನೂ ಹೇಳಬೇಕಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ, ಕೊಟ್ಟಿಗೆಯ ದನಗಳನ್ನು ಹೊರಗೆ ಕಟ್ಟಿಸಿ, ಅಲ್ಲಿ ಒಬ್ಬರೇ ಕೂರುವಂಥ ವಿಮಾನ ಕಟ್ಟುತ್ತಿದ್ದರು. ಊರು ಆಡಿಕೊಂಡು ನಗುತ್ತಿತ್ತು. ಅವರು ಕ್ಯಾಲೆಂಡರ್ ಹಾಳೆಗಳ ಹಿಂದೆ ತಮ್ಮ ಪಾಡಿಗೆ ಗೆರೆ ಎಳೆಯುತ್ತಿದ್ದರು.

"ಎಲ್ಲಾ ತೂಕದ್ ಮೇಲೈತೆ ಕಣವ್ವ," ಎನ್ನುತ್ತಿದ್ದರು ನನಗೆ. ಎಂಜಿನ್ನು, ಕೂರುವವನು ಎಲ್ಲ ಸೇರಿ, ಎಲ್ಲಿ ಹಿಡಿದೆತ್ತಿದರೆ ವಿಮಾನ ಸಮನಾಗಿ ನಿಲ್ಲುತ್ತದೋ ಅಲ್ಲಿಗೇ ರೆಕ್ಕೆ ಬರಬೇಕು. ತಾವು ಹೊರಗೆ ನಿಂತು ಅಳೆಯುವಾಗ ಸೀಟಿನಲ್ಲಿ ಇಡಲೆಂದೇ, ಕಾಯಿ ಕೆಡವಿಸಿದ ದಿನ ತಮ್ಮ ತೂಕಕ್ಕೆ ಸರಿಯಾಗಿ ಒಂದು ಮೂಟೆ ಕಾಯಿ ತೂಗಿ, ಬಾಯಿ ಹೊಲಿದು ಅಟ್ಟಕ್ಕೆ ಹಾಕಿದ್ದರು. ವಿಮಾನದ ಮೈಕಟ್ಟು ಮುಗಿಯಲು ಒಂದು ವರ್ಷ ಹಿಡಿಯಿತು. ಆಮೇಲೆ ಆ ಮೂಟೆಯನ್ನೇ ಸೀಟಿನಲ್ಲಿ ಕೂರಿಸಿ, ವಿಮಾನವನ್ನು ಹಗ್ಗದಲ್ಲಿ ತೊಲೆಗೆ ತೂಗುಹಾಕಿ, ಸಮ ನಿಂತ ಜಾಗಕ್ಕೆ ರೆಕ್ಕೆ ಬಿಗಿದರು. ಮರುದಿನ ಬೆಳಿಗ್ಗೆ ಬತ್ತಿದ ಕೆರೆಯಂಗಳದಲ್ಲಿ ಹಾರುವುದೆಂದು ತೀರ್ಮಾನವಾಯಿತು.

ಸೀಟಿನಿಂದ ಮೂಟೆ ಇಳಿಸಲು ಬಂದ ಚಿಕ್ಕಮ್ಮ ಅದರ ಒಂದು ತುದಿ ಹಿಡಿದವರೇ ನಿಂತುಬಿಟ್ಟರು. ಒಳಗೆಲ್ಲ ಲೊಡಲೊಡ ಸದ್ದು. "ಇವೆಲ್ಲ ಕೊಬ್ರಿ ಆಗವೆ ಕಣ್ರೀ. ನೀವು ತೂಗ್ದಾಗ ನೀರಿತ್ತು. ಈಗ ನೀವೇ ಕೂತ್ಕಂಡು ನೋಡಿ." ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಚಿಕ್ಕಪ್ಪ ಕೂತರು. ವಿಮಾನದ ಮೂತಿ ನಿಧಾನವಾಗಿ ಬಾಗಿ ನೆಲಕ್ಕೆ ತಾಗಿತು. ಅಟ್ಟದ ಕಾಯಿ ಹಗುರಾಗುತ್ತದೆಂದು ಮನೆಯ ಮಕ್ಕಳಿಗೂ ಗೊತ್ತಿತ್ತು, ಅವರೊಬ್ಬರು ಮರೆತಿದ್ದರು. ಯಾರನ್ನೂ ಬೈಯಲಿಲ್ಲ. ಹಾಳೆಯಲ್ಲಿದ್ದ ರೆಕ್ಕೆಯನ್ನು ರಬ್ಬರಿನಿಂದ ಉಜ್ಜಿ, ಒಂದು ಗೇಣು ಮುಂದಕ್ಕೆ ಬರೆದರು. ಅಲ್ಲಿಗೆ ರೆಕ್ಕೆ ಕೂರಿಸಲು ಮೈಕಟ್ಟನ್ನೇ ಬಿಚ್ಚಿ ಕಟ್ಟಬೇಕಿತ್ತು. ಬಿಚ್ಚಿದರು. ಮತ್ತೆ ಕಟ್ಟುವಷ್ಟರಲ್ಲಿ ವರ್ಷಗಳು ಕಳೆದು ಅವರ ಕಣ್ಣು ಮಂಜಾಗಿತ್ತು, ಹಾರಲು ಆಗಲೇ ಇಲ್ಲ.

ಚಿಕ್ಕಪ್ಪ ವಯಸ್ಸಾಗಿ ಹಾಸಿಗೆಯಲ್ಲೇ ತೀರಿಕೊಂಡರು. ಮನೆ ಕೆಡವುವ ವಾರ ಚಿಕ್ಕಮ್ಮ ಆ ಹಾಳೆಯನ್ನು ನನ್ನ ಕೈಗಿಟ್ಟರು. ಉಜ್ಜಿದ ರೆಕ್ಕೆಯ ಗೆರೆ ಅದರಲ್ಲಿ ಇನ್ನೂ ಕಾಣುತ್ತಿತ್ತು. "ಅವತ್ತು ನಾನು ಬಾಯ್ ಮುಚ್ಕಂಡಿದ್ರೆ ಒಂದ್ಸಲನಾದ್ರೂ ಹಾರೋರು ಕಣೇ," ಎಂದರು.

"ಬಿದ್ದೋಗೋರು, ಚಿಕ್ಕಮ್ಮ," ಎಂದೆ.

"ಹೂಂ, ಬಿದ್ದೋಗೋರು," ಎಂದು ಒಪ್ಪಿಕೊಂಡು, ಸೂರು, ಅಟ್ಟ ಇಳಿಸಿದ ಮೇಲೆ ಕಾಣುತ್ತಿದ್ದ ಬರೀ ಆಕಾಶವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು.